‘ಣ’ದಿಂದ ಒಂದು ಹೆಸರು ಹೇಳಿ ಮಾರಾಯ್ರೆ

ತಂಗಿಗೆ ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಆರಾಮ. ಉಳಿದವರಿಗೆ ಆರಾಮ ಇಲ್ಲ.

ಮಗುವಿನ ತೂಕ ಎಷ್ಟು ಅಂತ ನರ್ಸ್ ಹೇಳುವ ಮೊದಲೇ ಭಾವ ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಜೋಯಿಸರಿಗೆ ಫೋನ್ ಮಾಡಿದ್ದರು. ಹಸ್ತಾ ನಕ್ಷತ್ರ, ಮೂರನೇ ಪಾದ. ಹೆಸರಿನ ಮೊದಲ ಅಕ್ಷರ ಣ.

“ಯಾವ ಣ ಭಾವ?”

“ಬಾಣದ ಣ.”

“ಬಾಣದಲ್ಲಿ ಅದು ಕೊನೆಗೆ ಉಂಟು. ಮೊದಲಿಗೆ ಎಲ್ಲಿ ಉಂಟು?”

ಭಾವ ಉತ್ತರ ಕೊಡಲಿಲ್ಲ. ಆಗಲೇ ಮೊಬೈಲಿನಲ್ಲಿ ಹುಡುಕಲು ಶುರು ಮಾಡಿದ್ದರು.

ಲೆಕ್ಕ ಸುಲಭ. ನಕ್ಷತ್ರ 27, ಒಂದೊಂದಕ್ಕೆ ನಾಲ್ಕು ಪಾದ, ಒಟ್ಟು 108 ಅಕ್ಷರ. ಆ 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸಾದರೂ ಬರುತ್ತದೆ. ಈ 108ರಲ್ಲಿ ಕೆಲವಕ್ಕೆ ಏನೂ ಬರುವುದಿಲ್ಲ. ಹಸ್ತಾಕ್ಕೆ ಸಿಕ್ಕಿದ್ದು ಪು, ಷ, ಣ, ಠ. ಆರ್ದ್ರಾದವರ ಪಾಲಿಗೆ ಒಂದು ಙ ಉಂಟು. ಉತ್ತರಾಭಾದ್ರದಲ್ಲಿ ಞ ಕಾಯುತ್ತಾ ಕುಳಿತಿದೆ. ಒಂದು ಪಾದ ಅಂದರೆ ಸುಮಾರು ಆರು ಗಂಟೆ. ಅಂದರೆ ಆ ಆರು ಗಂಟೆಯಲ್ಲಿ ಬೈಂದೂರಿನಿಂದ ಉಳ್ಳಾಲದವರೆಗೆ ಹುಟ್ಟಿದ ಅಷ್ಟೂ ಮಕ್ಕಳು ಣ. ಪಕ್ಕದ ಹಾಸಿಗೆಯಲ್ಲಿ ಅರ್ಧ ಗಂಟೆ ತಡವಾಗಿ ಹುಟ್ಟಿದ ಕೊಂಕಣಿ ಕ್ರಿಶ್ಚಿಯನ್ನರ ಮಗುವೂ ಲೆಕ್ಕಪ್ರಕಾರ ಣ. ಅವರು ಅದಕ್ಕೆ ಅಜ್ಜಿಯ ಹೆಸರನ್ನೇ ಇಟ್ಟು ಚಾಕ್ಕೆ ರಸ್ಕ್ ಅದ್ದಿ ತಿನ್ನುತ್ತಿದ್ದರು.

ತಂಗಿ ಮೆಲ್ಲಗೆ ಹೇಳಿದಳು, “ಸ್ವರ್ಣಾ ಅಂತ ಇಡುವ ಅಂತ ನಂಗೆ ಆಸೆ.”

ಅವರ ಮನೆ ಕಲ್ಯಾಣಪುರದಲ್ಲಿ. ಸ್ವರ್ಣಾ ಹೊಳೆ ಹತ್ತಿರದಲ್ಲೇ ಹರಿಯುತ್ತದೆ. ಅವಳ ಅತ್ತೆ ಸೊಸೆಯ ತಲೆ ಸವರಿ ಹೇಳಿದರು, “ಒಳ್ಳೆ ಹೆಸರು ಮಗಾ. ಆದ್ರೆ ಸ ಶತಭಿಷಕ್ಕೆ ಹೋಯ್ತಲ್ಲ. ಅಕ್ಷರ ಬಿಡ್ಲಿಕ್ಕೆ ಆಗ್ತದಾ?” ಬಜೆ ಅಣೆಕಟ್ಟಿನಿಂದ ಇಡೀ ಉಡುಪಿಗೆ ಕುಡಿಯುವ ನೀರು ಕೊಡುವ ಹೊಳೆ ಅದು. ಊರಿಗೆ ನೀರು ಕೊಡಬಹುದು, ಮಗುವಿಗೆ ಹೆಸರು ಕೊಡುವ ಹಾಗಿಲ್ಲ.

ಸರಿ, ಣ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಸೋದರಮಾವ ಅಲ್ವಾ. ಕಿಟೆಲ್ ಪಾದ್ರಿಯ ನಿಘಂಟು ತೆಗೆದೆ. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಶನ್ನಿನವರೇ ಅಚ್ಚು ಹಾಕಿದ ಪುಸ್ತಕ, ತೊಟ್ಟಿಲಿಗಿಂತ ಭಾರ. ಕನ್ನಡಿಗರು ಆಡುವ ಮಾತನ್ನೆಲ್ಲ ಗುಡಿಸಿ ತಂದ ಆ ಪುಣ್ಯಾತ್ಮನಿಂದಲೂ ಒಂದು ಣ ಹೆಣ್ಣುಮಗಳು ಸಿಗಲಿಲ್ಲ. ಹಣ್ಣು, ಹೆಣ್ಣು, ಕಣ್ಣು, ಎಣ್ಣೆ ಎಲ್ಲದರಲ್ಲೂ ಣ ಉಂಟು. ಆದರೆ ಅದು ಹಿಂದಿನ ಸೀಟು ಬಿಟ್ಟು ಏಳುವ ಜಾತಿಯಲ್ಲ.

ಆಗ ಸಿಕ್ಕಿದರು ಕಾರ್ಕಳದ ಜೈನ ಗೆಳೆಯರು. “ಎಂತ ಮಾರಾಯ್ರೆ, ನಮ್ಮಲ್ಲಿ ಉಂಟಲ್ಲ,” ಅಂದರು. “ಣಮೋ ಅರಿಹಂತಾಣಂ. ಪ್ರಾಕೃತ.” 1432ರಿಂದ 42 ಅಡಿ ಎತ್ತರಕ್ಕೆ ನಿಂತಿರುವ ಗೊಮ್ಮಟನ ಊರಿನವರು ಹೇಳಿದ ಮೇಲೆ ಮುಗಿಯಿತು. ಭಾವ ಕುರ್ಚಿಯಿಂದ ಎದ್ದೇಬಿಟ್ಟರು. “ಹಾಗಾದ್ರೆ ಣಮಿತಾ!” ಅತ್ತೆ ಒಮ್ಮೆ ಕರೆದು ನೋಡಿದರು. ನಾಲಗೆ ಮೇಲಕ್ಕೆ ಮಡಚಿದ್ದೇ ತಡ, ಕಟ್ಟಿಸಿದ ಹಲ್ಲು ಕದಲಿತು. ಪ್ರಾಕೃತ ಅಲ್ಲಿಗೆ ಬಿಟ್ಟರು.

ನಮ್ಮ ಉಡುಪಿಯ ಹೆಸರಿಗೇ ನಕ್ಷತ್ರದ ಗ್ರಹಚಾರ ಅಂಟಿಕೊಂಡಿದೆ, ಅದೂ ನಿಜ. ಉಡು ಅಂದರೆ ನಕ್ಷತ್ರ, ಉಡುಪ ಅಂದರೆ ಅವುಗಳ ಒಡೆಯ ಚಂದ್ರ. ದಕ್ಷನ 27 ಹೆಣ್ಣುಮಕ್ಕಳನ್ನು ಕಟ್ಟಿಕೊಂಡು, ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡು, ಮಾವನ ಶಾಪ ತಿಂದ ಚಂದ್ರ ಇಲ್ಲಿ ಬಂದು ತಪಸ್ಸು ಮಾಡಿದ ಅಂತ ಕಥೆ. ರಥಬೀದಿಯ ಚಂದ್ರಮೌಳೀಶ್ವರನೇ ಅದಕ್ಕೆ ಸಾಕ್ಷಿ. ಆ 27ರಲ್ಲಿ ಹಸ್ತಾಳೂ ಒಬ್ಬಳು. ಗಂಡ ತಿರುಗಿ ನೋಡದ ಸಿಟ್ಟಿಗೆ ಈ ಣವನ್ನು ಇಟ್ಟುಕೊಂಡಿರಬೇಕು.

ಮತ್ತೆ ಜೋಯಿಸರಿಗೇ ಫೋನ್ ಹೋಯಿತು. ಅವರು ಬಹಳ ಪ್ರಾಕ್ಟಿಕಲ್ ಮನುಷ್ಯ. “ಣ ಸಿಗದಿದ್ರೆ ನ ಇಡಿ. ದೋಷ ಎಂತ ಇಲ್ಲ.”

“ನ ಅನೂರಾಧದ್ದಲ್ವಾ ಅತ್ತೆ?” ಅಂದೆ. “ಅನೂರಾಧಕ್ಕೆ ಹೋಗಬಹುದಾದರೆ ಇನ್ನೂ ಸ್ವಲ್ಪ ಮುಂದೆ ಹೋಗಿ ಶತಭಿಷದ ಸ ತರಬಹುದಲ್ಲ?”

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನಿಮಗೆ ಶಾಸ್ತ್ರ ಗೊತ್ತಿಲ್ಲ.”

ಗೊತ್ತಾಯಿತು. ಈ ಶಾಸ್ತ್ರ ಬಾಳೆನಾರಿನ ಹಾಗೆ, ಎಲ್ಲಿ ಬೇಕಾದರೂ ಬಾಗುತ್ತದೆ. ಸೊಸೆ ಬಾಯಿ ಬಿಟ್ಟಾಗ ಮಾತ್ರ ಕಬ್ಬಿಣದ ಸಲಾಕೆ. ಅದೇ ಹಸ್ತಾದ ಮೊದಲ ಪಾದಕ್ಕೆ ಹೋಗಿ ಪುಷ್ಪಾ, ಪುಣ್ಯಾ ಅಂತ ಇಡಬಹುದಿತ್ತು. “ಅದೆಲ್ಲ ಹಳೇ ಹೆಸರು” ಅಂತ ಭಾವನೇ ಬೇಡ ಅಂದರು.

ಅಜ್ಜಿಯ ಕಾಲದಲ್ಲಿ ಬಡವರಿಗೆ ಈ ತಲೆಬಿಸಿ ಇರಲಿಲ್ಲ. ಆದಿತ್ಯವಾರ ಹುಟ್ಟಿದವ ಐತ, ಶುಕ್ರವಾರದವ ತುಕ್ರ, ಶನಿವಾರದವ ತನಿಯ. ಬೇರೆ ಹೆಸರು ಇಟ್ಟುಕೊಳ್ಳಲು ದೊಡ್ಡ ಮನೆಯವರು ಬಿಡುತ್ತಿರಲಿಲ್ಲ. ಅದು ನಗುವ ಕಥೆ ಅಲ್ಲ, ಇಲ್ಲಿಗೆ ಬಿಡುತ್ತೇನೆ.

ಈಗ ಹೆಸರಿಗೆ ಎರಡೇ ಕಂಡೀಷನ್. ಜಿಲ್ಲೆಯಲ್ಲಿ ಯಾರಿಗೂ ಇರಬಾರದು, ಮತ್ತು ಅರ್ಥ ಚೆನ್ನಾಗಿರಬೇಕು. ಅರ್ಥದ ಬಗ್ಗೆ ಚಿಂತೆ ಬೇಡ. ಮೊಬೈಲಿನಲ್ಲಿ ಯಾವ ಹೆಸರು ಒತ್ತಿದರೂ ಒಂದೋ ಲಕ್ಷ್ಮಿ, ಒಂದೋ ದುರ್ಗೆ, ಎರಡೂ ಅಲ್ಲದಿದ್ದರೆ ಸೂರ್ಯನ ಮೊದಲ ಕಿರಣ. ಬಂಗುಡೆ ಮೀನಿಗೆ ಒಂದು ‘ಶಾ’ ಸೇರಿಸಿದರೆ ಅದಕ್ಕೂ ಕಿರಣ ಬಂದೀತು. ಹಾಗೆ ಭಾವ ಆರಿಸಿದ್ದು ನಾಯ್ರಾ.

ಅಜ್ಜಿ ಕಿವಿಗೆ ಕೈ ಹಿಡಿದು ಕೇಳಿದರು. “ನಾಯಿಯಾ?”

ಮೇಲಿನಿಂದ ಸಂಖ್ಯಾಶಾಸ್ತ್ರ. ಬೆಂಗಳೂರಿನ ಒಬ್ಬರು ವಾಟ್ಸಾಪಿನಲ್ಲೇ ಲೆಕ್ಕ ಹಾಕಿ, ದುಡ್ಡು ತೆಗೆದುಕೊಂಡು, ಇಂಗ್ಲಿಷ್ ಸ್ಪೆಲ್ಲಿಂಗಿಗೆ ಎರಡು ಎ ಜಾಸ್ತಿ, ಕೊನೆಗೊಂದು ಎಚ್ ಅಂದರು. ನಕ್ಷತ್ರಗಳು ಯಾವಾಗ ಇಂಗ್ಲಿಷ್ ಮೀಡಿಯಂ ಸೇರಿದವೋ ಗೊತ್ತಿಲ್ಲ.

ಇಷ್ಟೆಲ್ಲ ಅವಸರ ಯಾಕೆ ಅಂತ ಕೇಳಿದೆ. ಸರ್ಕಾರಕ್ಕೇ ಅವಸರ ಇಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಿದರೆ ಆಯಿತು, ಹೆಸರಿನ ಜಾಗ ಖಾಲಿ ಬಿಡಬಹುದು. 12 ತಿಂಗಳವರೆಗೆ ಪುಕ್ಕಟೆಯಾಗಿ ಹೆಸರು ಸೇರಿಸಬಹುದು. ತಡವಾದದ್ದಕ್ಕೆ ದುಡ್ಡು ಕಟ್ಟುವುದಾದರೆ 15 ವರ್ಷದವರೆಗೂ ಅವಕಾಶ ಉಂಟು. ಅಷ್ಟರಲ್ಲಿ ಮಗು ಹೈಸ್ಕೂಲಿಗೆ ಬಂದು ತಾನೇ ಒಂದು ಹೆಸರು ಹೇಳುತ್ತಿತ್ತು. ಅತ್ತೆ ಕೊಟ್ಟದ್ದು ಹನ್ನೊಂದು ದಿನ.

ಹನ್ನೊಂದನೇ ದಿನ ಬಂತು. ಹರಿವಾಣದಲ್ಲಿ ಅಕ್ಕಿ ಹರಡಿ, ಭಟ್ರು ಭಾವನ ಕೈಗೆ ಚಿನ್ನದ ಉಂಗುರ ಕೊಟ್ಟರು. “ಹೆಸರು ಬರೀರಿ.”

ಭಾವ ಕಿಸೆಯಿಂದ ಚೀಟಿ ತೆಗೆದು ಎನ್, ಎ, ಎ ಅಂತ ಶುರು ಮಾಡಿದರು.

“ಇಂಗ್ಲಿಷಲ್ಲಿ ಬೇಡ, ಕನ್ನಡದಲ್ಲಿ,” ಅಂದರು ಭಟ್ರು.

ಭಾವನ ಕೈ ನಿಂತಿತು. ಕನ್ನಡದಲ್ಲಿ ಬರೆದರೆ ಆ ಎರಡು ಎ, ಒಂದು ಎಚ್ ಎಲ್ಲಿ ಹಾಕುವುದು? ಹಾಕದಿದ್ದರೆ ಮೊತ್ತ ಕೆಡುತ್ತದೆ. ದುಡ್ಡು ಬೇರೆ ಕೊಟ್ಟಾಗಿದೆ. ಭಾವ ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಹಚ್ಚಿದರು. ಆ ಕಡೆ ಲೈನ್ ಬ್ಯುಸಿ. ಭಟ್ರಿಗೆ ಮಲ್ಪೆಯಲ್ಲಿ ಇನ್ನೊಂದು ನಾಮಕರಣ ಇತ್ತು, ಅವರು ಗಡಿಯಾರ ನೋಡಿದರು. ಅತ್ತೆ ಜೋಯಿಸರ ನಂಬರ್ ಹುಡುಕುತ್ತಿದ್ದರು.

ತೊಟ್ಟಿಲಿನಲ್ಲಿ ಮಗು ಅಳಲು ಶುರು ಮಾಡಿತು. ಮೂಲೆಯಿಂದ ಅಜ್ಜಿ ತುಳುವಿನಲ್ಲಿ ಗದರಿದರು. “ಬಾಲೆ ಬುಲ್ಪುಂಡು, ಸುರುಕು ಪೇರ್ ಕೊರ್ಲೆ!” ಮಗು ಅಳ್ತಾ ಉಂಟು, ಮೊದಲು ಹಾಲು ಕೊಡಿ ಅಂತ.

ತಂಗಿ ಮಗುವನ್ನು ಎತ್ತಿಕೊಂಡು ಹಾಲು ಕೊಡಲು ಒಳಗೆ ಹೋದಳು. ಹೋಗುವಾಗ ಅದರ ಕಿವಿಯಲ್ಲಿ ಏನೋ ಹೇಳಿದಳು. ಮಗು ಅಳು ನಿಲ್ಲಿಸಿತು. ಹೊರಗೆ ಲೈನ್ ಇನ್ನೂ ಬ್ಯುಸಿ.