ಹನ್ನೆರಡು ಅಡಿಯ ಒದ್ದೆ ಅಂಗಿ

ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಹೆಂಡತಿಯದು ಅಂಗಿ ಪಕ್ಷ, ಮಗಳದು ಕೈ ಪಕ್ಷ. ಚುನಾವಣೆಗೂ ಇದಕ್ಕೂ ಸಂಬಂಧವಿಲ್ಲ. ಜೇನ್ ಆಸ್ಟಿನ್ ಬರೆದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಾದಂಬರಿಯನ್ನು ತೆರೆಗೆ ತಂದವರಲ್ಲಿ ಯಾರು ಮೂಲಕ್ಕೆ ನಿಷ್ಠರು ಎಂಬುದು ಜಗಳದ ವಿಷಯ.

1995ರ ಬಿಬಿಸಿ ಧಾರಾವಾಹಿಯಲ್ಲಿ ಕಥಾನಾಯಕ ಡಾರ್ಸಿಯಾದ ಕಾಲಿನ್ ಫರ್ತ್ ತನ್ನ ಬಂಗಲೆಯ ಕೊಳಕ್ಕೆ ಧುಮುಕಿ, ಒದ್ದೆ ಅಂಗಿಯಲ್ಲಿ ಬಂದು ನಾಯಕಿ ಎಲಿಜಬೆತ್‌ಗೆ ಎದುರಾಗುತ್ತಾನೆ. 2005ರ ಸಿನಿಮಾದ ಡಾರ್ಸಿ ಮ್ಯಾಥ್ಯೂ ಮ್ಯಾಕ್‌ಫೇಡಿಯನ್. ಅವನು ಎಲಿಜಬೆತ್‌ಳನ್ನು ಕೈಹಿಡಿದು ಗಾಡಿ ಹತ್ತಿಸಿ, ತಿರುಗಿ ನಡೆಯುವಾಗ ಆ ಕೈಯ ಬೆರಳುಗಳನ್ನು ಒಮ್ಮೆ ಅಗಲಿಸುತ್ತಾನೆ. ಒಂದೆರಡು ಸೆಕೆಂಡಿನ ಕೆಲಸ. ಅಷ್ಟಕ್ಕೇ ಇಪ್ಪತ್ತು ವರ್ಷಗಳಿಂದ ದೇಶದೇಶಗಳಲ್ಲಿ ನಿಟ್ಟುಸಿರು ಕೇಳಿಬರುತ್ತಿದೆ. ಬಿಸಿ ಪಾತ್ರೆ ಮುಟ್ಟಿದಾಗ ನಾನೂ ಬೆರಳುಗಳನ್ನು ಹಾಗೆಯೇ ಅಗಲಿಸುತ್ತೇನೆ. ಮನೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಜಗಳ ಬಗೆಹರಿಸಲು ಹೋಗಿ ನಾನು ಪುಸ್ತಕವನ್ನೇ ತೆರೆದೆ. ಆಮೇಲೆ ಎರಡೂ ಪಕ್ಷದವರು ನನ್ನೊಂದಿಗೆ ಮಾತು ಬಿಟ್ಟರು. 43ನೆಯ ಅಧ್ಯಾಯದಲ್ಲಿ ಡಾರ್ಸಿ ಬರುವುದು ಕುದುರೆ ಲಾಯದ ಕಡೆಯ ದಾರಿಯಿಂದ, ನಾಳೆ ಬರಬೇಕಾದವನು ಇಂದೇ ಬಂದುಬಿಟ್ಟಿದ್ದಾನೆ. ಮೈಮೇಲಿನ ಬಟ್ಟೆ ಒಣಗಿಯೇ ಇದೆ. ಇಬ್ಬರ ಮುಖವೂ ಕೆಂಪೇರುತ್ತದೆ. ಊರಿನಿಂದ ಹೊರಟದ್ದು ಯಾವಾಗ, ಇಲ್ಲಿ ಎಷ್ಟು ದಿನ ಇರುತ್ತೀರಿ ಎಂದು ಕೇಳುತ್ತಾನೆ. ಉತ್ತರ ಸಿಗುತ್ತದೆ. ಅದನ್ನೇ ಮತ್ತೆ ಕೇಳುತ್ತಾನೆ. ಮತ್ತೊಮ್ಮೆ, ಅವಸರ ಅವಸರವಾಗಿ. ಹೆಣ್ಣು ನೋಡಲು ಹೋದ ಗಂಡು ಬಾಯೊಣಗಿ “ಬಸ್ಸು ಸಿಕ್ಕಿತೇ” ಎಂದು ಮಾವನನ್ನು ಮೂರು ಸಲ ಕೇಳಿದ ಹಾಗೆ. ಇಷ್ಟು ಸಂಕಟವನ್ನು ಆಸ್ಟಿನ್ ಒಂದು ಹನಿ ನೀರಿಲ್ಲದೆ ತಂದಿದ್ದಾಳೆ.

ಕೈಯ ಕಥೆ ಇನ್ನೂ ಕಷ್ಟ. ಪುಸ್ತಕದ ಡಾರ್ಸಿ, ಎಲಿಜಬೆತ್ ಅವನ ಗೆಳೆಯನ ಮನೆಯಿಂದ ಹೊರಡುವ ಮುನ್ನಾದಿನ ಅವಳೊಂದಿಗೆ ಆಡಿದ್ದು ಹತ್ತು ಮಾತೂ ಇರಲಿಕ್ಕಿಲ್ಲ. ಅರ್ಧ ಗಂಟೆ ಇಬ್ಬರೇ ಕೂತಿದ್ದಾಗಲೂ ಕೈಯಲ್ಲಿದ್ದ ಪುಸ್ತಕದಿಂದ ಕಣ್ಣೆತ್ತುವುದಿಲ್ಲ. ಬೆರಳು ಕೆಲಸ ಮಾಡಿದ್ದರೆ ಪುಟ ಮಗುಚಲು ಮಾತ್ರ. “ಅದು ಒಳಗಿನ ಭಾವ, ಅಪ್ಪ” ಎಂದಳು ಮಗಳು. ಒಳಗಿನದನ್ನು ಹೊರಗೆ ಕಾಣದಂತೆ ಎಚ್ಚರ ವಹಿಸಬೇಕೆಂದು ಅವನು ತೀರ್ಮಾನಿಸಿದ್ದ ಎಂದು ಅದೇ ಪುಟದಲ್ಲಿ ಬರೆದಿದೆ. ಹೇಳಲು ಹೋಗಲಿಲ್ಲ, ರಾತ್ರಿಯ ಊಟ ಬಾಕಿ ಇತ್ತು.

ಈ ಹುಚ್ಚು ನಮ್ಮ ಮನೆಯೊಂದರದ್ದೇ ಆಗಿದ್ದರೆ ಬರೆಯುತ್ತಿರಲಿಲ್ಲ. 2013ರ ಜುಲೈನಲ್ಲಿ ಲಂಡನ್ನಿನ ಹೈಡ್ ಪಾರ್ಕಿನ ಸರ್ಪೆಂಟೈನ್ ಕೊಳದಲ್ಲಿ ಹನ್ನೆರಡು ಅಡಿ ಎತ್ತರದ ಫೈಬರ್‌ಗ್ಲಾಸ್ ಡಾರ್ಸಿ ಎದ್ದು ನಿಂತ, ಅಂಗಿ ಮೈಗಂಟಿಸಿಕೊಂಡು. ಹೊಸ ಟಿವಿ ಚಾನೆಲ್ ಒಂದರ ಪ್ರಚಾರಕ್ಕೆ. ಬಾತುಕೋಳಿಗಳು ಸುತ್ತ ಈಜುತ್ತಿದ್ದವು. ಆಮೇಲೆ ಅದನ್ನು ಧಾರಾವಾಹಿಯ ಚಿತ್ರೀಕರಣ ನಡೆದಿದ್ದ ಚೆಷೈರ್‌ನ ಲೈಮ್ ಪಾರ್ಕಿಗೆ ಸಾಗಿಸಿದರು. ಆಸ್ಟಿನ್‌ಳದೇ ಹ್ಯಾಂಪ್‌ಶೈರ್‌ನ ಬೇಸಿಂಗ್‌ಸ್ಟೋಕ್ ಪಟ್ಟಣದಲ್ಲಿ ಆಕೆಯ ಕಂಚಿನ ಪ್ರತಿಮೆ ನಿಂತದ್ದು 2017ರಲ್ಲಿ, ಅದೂ ಬರೀ ಆಳೆತ್ತರಕ್ಕೆ. ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿ 1817ರಲ್ಲಿ ಹಾಸಿದ ಸಮಾಧಿ ಕಲ್ಲಿನ ಮೇಲಂತೂ ಆಕೆಯ ಸದ್ಗುಣಗಳೆಲ್ಲ ಇವೆ, ಕಾದಂಬರಿ ಬರೆದಳೆಂಬ ಮಾತೊಂದಿಲ್ಲ. ಆಕೆ ಬರೆಯದ ಕೊಳದಲ್ಲಿ, ಆಕೆ ನೆನೆಸದ ಅಂಗಿಗೆ ಮಾತ್ರ ಹನ್ನೆರಡು ಅಡಿ!

ಆ ಅಂಗಿ 2024ರಲ್ಲಿ ಹರಾಜಿಗೂ ಬಂತು. ಇಪ್ಪತ್ತು ಸಾವಿರ ಪೌಂಡಿಗೆ ಕಡಿಮೆಯಿಲ್ಲದೆ ಹೋಯಿತು. ಇಡೀ ಕಾದಂಬರಿಯ ಹಕ್ಕನ್ನು ಆಸ್ಟಿನ್ 1812ರಲ್ಲಿ ಪ್ರಕಾಶಕ ಎಗರ್ಟನ್‌ಗೆ ಮಾರಿದ್ದು 110 ಪೌಂಡಿಗೆ. 150 ಸಿಕ್ಕಿದ್ದರೆ ಚೆನ್ನಾಗಿತ್ತು ಎಂದು ಕಾಗದದಲ್ಲಿ ಬರೆದುಕೊಂಡಿದ್ದಾಳೆ, ಪಾಪ. ಇನ್ನೊಂದು ಗುಟ್ಟಿದೆ: ತೆರೆಯ ಮೇಲೆ ಕೊಳಕ್ಕೆ ಹಾರುವವನು ಫರ್ತ್ ಅಲ್ಲವೇ ಅಲ್ಲ, ಅವನ ಪರವಾಗಿ ಬಂದ ಸಾಹಸ ಕಲಾವಿದ. ಇದನ್ನು ನಾನು ಹೆಂಡತಿಗೆ ಇನ್ನೂ ತಿಳಿಸಿಲ್ಲ. ಸಂಸಾರ ನಡೆಯಬೇಕಲ್ಲ.

ಪುಸ್ತಕ ತೆರೆಯದೆ ಪೂಜೆ ಮಾಡುವುದರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಕೂಡ ಹಿಂದೆ ಬಿದ್ದಿಲ್ಲ. 2017ರಲ್ಲಿ ಆಸ್ಟಿನ್ ಚಿತ್ರದ ಹತ್ತು ಪೌಂಡಿನ ನೋಟು ತಂದು, ಓದಿನಂಥ ಸುಖ ಇನ್ನೊಂದಿಲ್ಲ ಎಂಬರ್ಥದ ಮಾತನ್ನು ಅಚ್ಚು ಹಾಕಿತು. ಕಾದಂಬರಿಯಲ್ಲಿ ಆ ಮಾತು ಆಡುವವಳು ಡಾರ್ಸಿಯ ಮೇಲೆ ಕಣ್ಣಿಟ್ಟ ಕ್ಯಾರೊಲಿನ್ ಬಿಂಗ್ಲಿ, ದೊಡ್ಡದೊಂದು ಆಕಳಿಕೆ ತೆಗೆದು. ಅವಳು ಕೈಗೆತ್ತಿಕೊಂಡ ಪುಸ್ತಕ ಡಾರ್ಸಿ ಓದುತ್ತಿದ್ದುದರ ಎರಡನೆಯ ಸಂಪುಟ. ಆರಿಸಿಕೊಂಡದ್ದು ಅದೊಂದೇ ಕಾರಣಕ್ಕೆ.

ಹಳೆಯವರು ಸುಮ್ಮನಿದ್ದರೇ? 1940ರ ಹಾಲಿವುಡ್ ಸಿನಿಮಾದಲ್ಲಿ ಹೆಂಗಸರೆಲ್ಲ ಬಾಗಿಲಲ್ಲಿ ಹಿಡಿಸದಷ್ಟು ಅಗಲದ, ಕಥೆಯ ಕಾಲಕ್ಕೆ ಇನ್ನೂ ಹುಟ್ಟಿರದ ಲಂಗ ತೊಟ್ಟು ಓಡಾಡುತ್ತಾರೆ. ಕಾದಂಬರಿಯಲ್ಲಿ ಬೆಂಕಿಯುಗುಳುವ ಲೇಡಿ ಕ್ಯಾಥರೀನ್ ಅಲ್ಲಿ ಕೊನೆಗೆ ಡಾರ್ಸಿಯ ಪರ ಹುಡುಗಿಯನ್ನು ಪರೀಕ್ಷಿಸಲು ಬಂದ ಒಳ್ಳೆಯ ಚಿಕ್ಕಮ್ಮ! ಚಿತ್ರಕಥೆ ಬರೆದವರಲ್ಲಿ ಹೆಸರಾಂತ ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿಯೂ ಒಬ್ಬ. 2005ರವರು ಡಾರ್ಸಿ ಮಾಡುವ ಮದುವೆಯ ಮೊದಲ ಪ್ರಸ್ತಾಪವನ್ನು ಪಾದ್ರಿಯ ಮನೆಯ ಕೋಣೆಯಿಂದ ಸುರಿಯುವ ಮಳೆಗೆ ಎಳೆದು ತಂದರು. ತಲೆನೋವೆಂದು ಮನೆಯಲ್ಲೇ ಉಳಿದಿದ್ದ ಹುಡುಗಿ, ನೆಗಡಿಯೂ ಬರಲಿ ಎಂದೇ? 2016ರ ಸಿನಿಮಾದಲ್ಲಿ ಸತ್ತವರು ಎದ್ದು ಬಂದು ಬದುಕಿದ್ದವರನ್ನು ತಿನ್ನುತ್ತಾರೆ, ಅಲ್ಲಿ ಅಂಗಿಯ ಚರ್ಚೆಗೆ ಯಾರಿಗೂ ಪುರಸೊತ್ತಿಲ್ಲ. ನನ್ನ ಮಟ್ಟಿಗೆ, ಮಂಗಳೂರು ಮೂಲದ ಐಶ್ವರ್ಯಾ ರೈ ನಟಿಸಿದ 2004ರ ಅಮೃತಸರದ ಆವೃತ್ತಿ, ಹಾಡು ಕುಣಿತದ ಗದ್ದಲದ ನಡುವೆಯೂ, ಪುಸ್ತಕಕ್ಕೆ ಹತ್ತಿರ. ಹೆಣ್ಣು ಹುಡುಕಿಕೊಂಡು ಅಮೆರಿಕದಿಂದ ಬರುವ ಕೋಹ್ಲಿ ಎಂಬ ವರನನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಪ್ರತಿ ಡಿಸೆಂಬರಿನಲ್ಲಿ ನಮ್ಮ ಬೀದಿಗೂ ಒಬ್ಬ ಬಂದಿಳಿಯುತ್ತಾನೆ.

ಮತ್ತೊಂದು ಆರು ಕಂತಿನ ಧಾರಾವಾಹಿಯನ್ನು ನೆಟ್‌ಫ್ಲಿಕ್ಸ್ 2025ರಲ್ಲಿ ಘೋಷಿಸಿದಾಗಿನಿಂದ ಮನೆಯಲ್ಲಿ ಮೂರನೆಯ ಪಕ್ಷದ ಭಯ. ಅಂಗಿಯಾಯಿತು, ಕೈಯಾಯಿತು, ಈ ಸಲ ಮೊಣಕಾಲೋ ಕಿವಿಯೋ.

ಕಳೆದ ಭಾನುವಾರ ಅತ್ತೆಯವರು ಬಂದಿದ್ದರು. 1985ರಲ್ಲಿ ದೂರದರ್ಶನದಲ್ಲಿ ಇದೇ ಕಥೆಯನ್ನು ‘ತೃಷ್ಣಾ’ ಎಂದು ಹಿಂದಿಯಲ್ಲಿ ನೋಡಿದವರು; ಈಗ ಹೆಸರು ಬಿಟ್ಟು ಎಲ್ಲ ಮರೆತಿದ್ದಾರೆ. ಅಂಗಿಯ ದೃಶ್ಯವನ್ನೂ ಕೈಯ ದೃಶ್ಯವನ್ನೂ ಅವರಿಗೆ ಎರಡೆರಡು ಸಲ ತೋರಿಸಲಾಯಿತು. ಅವರು ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿದರು:

“ಹುಡುಗನಿಗೆ ವರ್ಷಕ್ಕೆ ಎಷ್ಟು ಬರುತ್ತದೆ?”

“ಹತ್ತು ಸಾವಿರ ಪೌಂಡು, ಅಜ್ಜಿ.”

“ಮನೆ ಸ್ವಂತದ್ದೇ?”

“ಆ ಕೊಳ, ತೋಟ, ಬೆಟ್ಟ ಎಲ್ಲವೂ ಅವನದೇ.”

“ಹುಡುಗಿಯ ಕಡೆಗೆ?”

“ಐವರು ಹೆಣ್ಣುಮಕ್ಕಳು. ಗಂಡು ಸಂತಾನ ಇಲ್ಲ. ಅಪ್ಪ ಸತ್ತರೆ ಆಸ್ತಿಯೆಲ್ಲ ದಾಯಾದಿಗೆ” ಎಂದೆ ನಾನು.

ಅತ್ತೆಯವರ ಕೈ ಮೊರದ ಮೇಲೆ ನಿಂತಿತು. “ಮತ್ತೆ ಮೊದಲ ಸಲ ಕೇಳಿದಾಗ ಬೇಡ ಎಂದಳು ಎಂದಿರಲ್ಲ, ಯಾಕೆ?”

ಅದನ್ನು ತೋರಿಸಲು 1995ರದನ್ನು ಹಾಕಬೇಕೋ 2005ರದನ್ನು ಹಾಕಬೇಕೋ ಎಂದು ಅಮ್ಮ ಮಗಳು ರಿಮೋಟಿಗೆ ಕೈ ಹಾಕಿದರು.