ಕೋಲಾರದ ಕೋರ್ಟಿಗೂ ತನ್ನದೇ ನಿಯಮ ಇರಲಿ

ಅಡುಗೆಮನೆ ರಿಪೇರಿಗೆ ಅಡ್ವಾನ್ಸ್ ತೆಗೆದುಕೊಂಡ ಕಂಟ್ರಾಕ್ಟರ್ ಒಬ್ಬ ಅರ್ಧಕ್ಕೇ ಕೆಲಸ ಬಿಟ್ಟು ಹೋಗಿದ್ದ. ಇಲ್ಲೇ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಕೇಸು ಹಾಕಿದ್ದೆ. ಈ ದಾವೆ ನಿಲ್ಲುವುದೇ ಇಲ್ಲ ಅಂತ ಅವನ ಕಡೆಯವರು ಅರ್ಜಿ ಕೊಟ್ಟಿದ್ದರು. ಅದರ ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ನಮ್ಮ ವಕೀಲರು ಫೋನ್ ಮಾಡಿ, ಕೋರ್ಟಿನ ವೆಬ್‌ಸೈಟ್ ನೋಡಿ ಅಂದರು. ಜಡ್ಜ್ ಮನಸ್ಸಿನಲ್ಲಿ ಏನಿದೆಯೋ ಅದು ಕಾರಣ ಸಮೇತ ಅಲ್ಲಿತ್ತು. ಅರ್ಜಿ ತಳ್ಳಿಹಾಕುವ ಯೋಚನೆ ಇದೆ. ಒಪ್ಪದವರು ಸಂಜೆ 4ರೊಳಗೆ ತಿಳಿಸಿ ನಾಳೆ ಬಂದು ವಾದ ಮಾಡಬಹುದು. ಯಾರೂ ತಿಳಿಸದಿದ್ದರೆ ಇದೇ ಆದೇಶ. ಯಾರೂ ತಿಳಿಸಲಿಲ್ಲ. ಮರುದಿನ ರಜೆ ಹಾಕುವುದು ತಪ್ಪಿತು.

ಅದೇ ವಾರ ಊರಿಗೆ ಫೋನ್ ಮಾಡಿದ್ದೆ. "ವಾಯಿದೆ ಆಯ್ತಪ್ಪಾ" ಅಂದರು ದೊಡ್ಡಪ್ಪ. ಕೇಸು ಮುಂದಿನ ತಾರೀಖಿಗೆ ಹೋಗಿತ್ತು.

ಅವರದು ಮಾವಿನ ತೋಪಿನ ಭಾಗದ ದಾವೆ, ಕೋಲಾರ ಜಿಲ್ಲೆಯ ಒಂದು ಕೋರ್ಟಿನಲ್ಲಿದೆ. ಪಾಟೀ ಸವಾಲಿಗೆ ಅಂತ ಪಕ್ಕದ ತೋಪಿನವರನ್ನು ಕರೆದುಕೊಂಡು ಬೆಳಿಗ್ಗೆಯೇ ಬಸ್ ಹತ್ತಿದ್ದರು. ಕಾಯಿ ಕೀಳುವ ಕಾಲ. ಹೊಸದಾಗಿ ಬಂದ ಜಡ್ಜ್ ಸಾಹೇಬರು ಸಾಕ್ಷಿಗಳನ್ನು ಊಟ ಆದ ಮೇಲೆ ತೆಗೆದುಕೊಳ್ಳುತ್ತಾರೆ ಅಂತ ಇವರಿಗೆ ಯಾರೂ ಹೇಳಿರಲಿಲ್ಲ. ವಕೀಲರ ಗುಮಾಸ್ತರಿಗೆ ಗೊತ್ತಿತ್ತಂತೆ. ಅಷ್ಟರಲ್ಲಿ ತೋಪಿಗೆ ಲಾರಿ ಬಂತು ಅಂತ ಸಾಕ್ಷಿಗೆ ಫೋನ್ ಬಂದು, ಅವರು ಎದ್ದು ಹೋದರು. ಕೇಸು ಕೂಗಿದಾಗ ಸಾಕ್ಷಿ ಇಲ್ಲ. ದೊಡ್ಡಪ್ಪನಿಗೆ ಎಪ್ಪತ್ತು ದಾಟಿದೆ. ಆ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು.

ಇಲ್ಲಿನ ಕೋರ್ಟು ಹಾಗೇಕೆ ನಡೆಯುತ್ತದೆ ಅಂತ ಆಮೇಲೆ ವಕೀಲರನ್ನು ಕೇಳಿದೆ. ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಹಾಗೆ. ರಾಜ್ಯಕ್ಕೆಲ್ಲ ಒಂದು ಮೂಲ ನಿಯಮ ಉಂಟು. ಅದರ ಕೆಳಗೆ ಪ್ರತಿ ಕೌಂಟಿಯ ಕೋರ್ಟೂ ತನ್ನ ಸ್ಥಳೀಯ ನಿಯಮ ಮಾಡಿಕೊಳ್ಳಬಹುದು. ಹಿಂದಿನ ದಿನವೇ ಜಡ್ಜ್ ತಮ್ಮ ಅಭಿಪ್ರಾಯ ಹಾಕುವ ಪದ್ಧತಿಯೂ ಹಾಗೆಯೇ: ಬೇಕೋ ಬೇಡವೋ ಅದು ಆಯಾ ಕೋರ್ಟಿಗೆ ಬಿಟ್ಟದ್ದು. ಇಟ್ಟುಕೊಂಡರೆ ಹೇಗೆ ನಡೆಸಬೇಕು ಅನ್ನುವುದನ್ನು ರಾಜ್ಯದ ನಿಯಮ ಹೇಳುತ್ತದೆ. ಹೊಸ ನಿಯಮ ತರಬೇಕಾದರೆ 45 ದಿನ ಮುಂಚೆ ಕರಡು ಹೊರಗೆ ಹಾಕಿ ಅಭಿಪ್ರಾಯ ಕೇಳಬೇಕು. ಸಾಮಾನ್ಯವಾಗಿ ಜನವರಿ 1 ಇಲ್ಲವೇ ಜುಲೈ 1ರಿಂದ ಅದು ಜಾರಿ.

ನಮ್ಮಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ ಇದೆ. ಅದರ 122ನೇ ಕಲಮಿನ ಪ್ರಕಾರ ನಿಯಮ ಬದಲಿಸುವ ಅಧಿಕಾರ ಹೈಕೋರ್ಟಿಗೆ ಮಾತ್ರ. ಸಲಹೆ ಕೊಡುವ ಸಮಿತಿಯಲ್ಲಿ ಹೈಕೋರ್ಟಿನ 3 ನ್ಯಾಯಮೂರ್ತಿಗಳು, 2 ವಕೀಲರು, ಕೆಳಗಿನ ಕೋರ್ಟಿನಿಂದ ಒಬ್ಬರೇ ಒಬ್ಬರು ನ್ಯಾಯಾಧೀಶರು. ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ತಾಲ್ಲೂಕಿನ ಕಷ್ಟವನ್ನೂ ಅವರೊಬ್ಬರೇ ಹೇಳಬೇಕು. ಸಿವಿಲ್ ಕೋರ್ಟುಗಳ ದಿನದಿನದ ಕೆಲಸಕ್ಕೆ ಇರುವ 1967ರ ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ ಕೂಡ ಇಡೀ ರಾಜ್ಯಕ್ಕೆ ಒಂದೇ.

ಕಾಗದದ ಮೇಲೆ ಒಂದೇ ಅಷ್ಟೇ. ಒಳಗೆ ಹೋಗಿ ನೋಡಿ, ಒಂದೊಂದು ಕೋರ್ಟ್ ಹಾಲಿಗೆ ಒಂದೊಂದು ಪದ್ಧತಿ. ಒಂದು ಕಡೆ ಅರ್ಜಿಗಳು ಬೆಳಿಗ್ಗೆ, ಇನ್ನೊಂದು ಕಡೆ ಕೊನೆಗೆ. ಸಾಹೇಬರು ವರ್ಗವಾದರೆ ಅದೂ ಬದಲು. ಸ್ಥಳೀಯ ನಿಯಮ ಬೇಡ ಅನ್ನುವವರಿಗೆ ನಾನು ಹೇಳುವುದು ಇಷ್ಟೇ: ಸ್ಥಳೀಯ ನಿಯಮ ಈಗಾಗಲೇ ಇದೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಗುಮಾಸ್ತರಿಗೂ ಬೆಂಚ್ ಕ್ಲರ್ಕಿಗೂ ಗೊತ್ತಿರುವುದು ಕಕ್ಷಿದಾರನಿಗೆ ಗೊತ್ತಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ ಕಳೆದುಕೊಳ್ಳುವವನು ಮಾತ್ರ ಅವನೇ.

ಬರೆಯಲಿ. ಊರಿಗೆ ಹೊಂದುವ ಹಾಗೆ ಬರೆಯಲಿ. ಶ್ರೀನಿವಾಸಪುರದಲ್ಲಿ ಮಾವಿನ ಕಾಲದಲ್ಲಿ ತೋಪಿನವರ ಸಾಕ್ಷಿಗೆ ಗಂಟೆ ಗೊತ್ತುಮಾಡಲಿ. ಶಿಡ್ಲಘಟ್ಟದಲ್ಲಿ ರೇಷ್ಮೆ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನ ಯಾವ ರೈತನೂ ಮನೆ ಬಿಟ್ಟು ಬರಲಾರ ಅಂತ ಅಲ್ಲಿನ ಕೋರ್ಟಿಗೆ ಯಾರಾದರೂ ಹೇಳಿಕೊಡಬೇಕಾ? ಇಂಥದ್ದು ಬೆಂಗಳೂರಿನಲ್ಲಿ ಕೂತವರಿಗೆ ಹೊಳೆಯುವುದಿಲ್ಲ. ಕುಟುಂಬ ನ್ಯಾಯಾಲಯಗಳಿಗೆ 1984ರ ಕಾಯ್ದೆಯೇ ಈ ಸಲಿಗೆ ಕೊಟ್ಟಿದೆ. ರಾಜಿ ಮಾಡಿಸಲು, ನಿಜ ತಿಳಿಯಲು ಅವು ತಮ್ಮದೇ ಕ್ರಮ ಹಾಕಿಕೊಳ್ಳಬಹುದು. ಗಂಡ ಹೆಂಡತಿ ಜಗಳಕ್ಕೆ ಆಗುವುದು ಅಣ್ಣ ತಮ್ಮಂದಿರ ಜಗಳಕ್ಕೆ ಯಾಕಾಗಬಾರದು?

ಇಲ್ಲಿ ಎಲ್ಲ ಚೆನ್ನ ಅಂತಲ್ಲ. ಪಕ್ಕದ ಕೌಂಟಿಗೆ ಹೋದರೆ ಬೇರೆ ನಿಯಮ, ಕೆಲವು ಫಾರಂ ಕೂಡ ಬೇರೆ. ವಕೀಲರಿಲ್ಲದೆ ತಾವೇ ಕೇಸು ನಡೆಸುವವರು ಒದ್ದಾಡುತ್ತಾರೆ. ನನಗೂ ವಕೀಲರಿಲ್ಲದಿದ್ದರೆ ಆ ವೆಬ್‌ಸೈಟ್ ನೋಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. ನಮ್ಮ ಇ-ಕೋರ್ಟ್ಸ್ ಆಪ್ ಮುಂದಿನ ತಾರೀಖನ್ನಾದರೂ ತೋರಿಸುತ್ತದೆ, ಅದೂ ಇಡೀ ದೇಶಕ್ಕೆ ಒಂದೇ ಥರ. ಅದು ಸಣ್ಣ ವಿಷಯವಲ್ಲ. ಇನ್ನೊಂದು ಭಯವೂ ಇದೆ. ತಾಲ್ಲೂಕಿನಲ್ಲಿ ಜೋರಿರುವ ನಾಲ್ಕು ಜನ ಸೇರಿ ನಿಯಮವನ್ನೇ ತಮಗೆ ಬೇಕಾದ ಹಾಗೆ ಮಾಡಿಸಿಕೊಂಡರೆ? ಹಾಗೆ ಆಗುವುದಿಲ್ಲ ಅಂತ ನಮ್ಮೂರು ನೋಡಿದ ನಾನು ಹೇಳಲಾರೆ. ಅದಕ್ಕೇ ಕೊನೆಯ ಒಪ್ಪಿಗೆ ಹೈಕೋರ್ಟಿನದೇ ಇರಬೇಕು. ಒಂದು ಕಡೆಯವರಿಗೆ ಮೂರಕ್ಕಿಂತ ಜಾಸ್ತಿ ವಾಯಿದೆ ಕೊಡಬಾರದು ಅನ್ನುವಂಥ ಮೂಲ ನಿಯಮಕ್ಕೆ ಯಾರೂ ಕೈ ಹಾಕಬಾರದು. ಯಾವ ಕೆಲಸ ಯಾವ ಹೊತ್ತಿಗೆ ಅನ್ನುವುದನ್ನು ಮೊದಲು ಆಯಾ ಕೋರ್ಟಿಗೆ ಬಿಡಲಿ. ಅದನ್ನು ಕನ್ನಡದಲ್ಲಿ ಬೋರ್ಡಿಗೆ ಅಂಟಿಸಲಿ, ಆಪ್‌ಗೂ ಹಾಕಲಿ. ಮುಳಬಾಗಿಲು, ಬಾಗೇಪಲ್ಲಿ ಕಡೆ ಕೆಳಗೆ ತೆಲುಗಿನಲ್ಲೂ ಇರಲಿ.