ಬಿಳಿ ಕಲೆ ಕಂಡರೆ ಸಿಸ್ಟರೇ ಸುಡಬಹುದೇ?

ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಪಾಸಣೆಯಲ್ಲಿ ಬಿಳಿ ಕಲೆ ಕಂಡರೆ, ಡಾಕ್ಟರಿಗೆ ಕಾಯದೆ ಹಳ್ಳಿಯ ಸೂಲಗಿತ್ತಿಯೇ ಅದನ್ನು ಅಲ್ಲೇ ಸುಟ್ಟು ತೆಗೆಯಬಹುದೇ? ಎರಡೂ ಕಡೆಯ ಮಾತು ಇಲ್ಲಿದೆ.

ಪರ: ದೀಪಾವಳಿ ಆದ ಮೇಲೆ ಯಾರೂ ಸಿಗುವುದಿಲ್ಲ

ದೀಪಾವಳಿ ಮುಗಿದ ಮೇಲೆ ವಿಜಯಪುರ ಜಿಲ್ಲೆಯ ತಾಂಡಾಗಳಿಗೆ ಹೋಗಿ ನೋಡಿ. ಮುದುಕರು, ಮಕ್ಕಳೇ ಜಾಸ್ತಿ. ಉಳಿದವರು ಕಬ್ಬು ಕಡಿಯಲು ಹೋಗಿರುತ್ತಾರೆ, ಕೆಲವರು ಮಹಾರಾಷ್ಟ್ರಕ್ಕೆ, ಕೆಲವರು ಅಥಣಿ, ಚಿಕ್ಕೋಡಿ ಕಡೆಗೆ. ಹೊರಡುವ ಮುಂಚೆ ಒಬ್ಬಳನ್ನು ತಪಾಸಣೆ ಮಾಡಿ, “ಕಲೆ ಅದ, ಬಿಜಾಪುರಕ್ಕ ಹೋಗಿ ತೋರಸ್ರಿ ಅಕ್ಕಾರ” ಎಂದು ಚೀಟಿ ಕೊಟ್ಟರೆ ಏನಾಗುತ್ತದೆ? ಚೀಟಿ ಗೋಡೆಯ ಗೂಡಿನಲ್ಲಿ ಉಳಿಯುತ್ತದೆ.

ಸೂಲಗಿತ್ತಿ ಎಂದಾಗ ನಾನು ಹೇಳುತ್ತಿರುವುದು ಹಳೇ ಕಾಲದ ಅಜ್ಜಿಯ ಮಾತಲ್ಲ. ಎಎನ್‌ಎಂ (ಸಹಾಯಕ ನರ್ಸ್, ಸೂಲಗಿತ್ತಿ) ಕೋರ್ಸ್ ಓದಿ, ಹೆರಿಗೆ ಕಲಿತು, ಉಪಕೇಂದ್ರದಲ್ಲಿ ಇರುವ ಸಿಸ್ಟರ್. ಗರ್ಭಕೊರಳಿಗೆ 3ರಿಂದ 5 ಶೇಕಡಾ ಅಸೆಟಿಕ್ ಆಸಿಡ್ (ಹೆಚ್ಚುಕಡಿಮೆ ವಿನಿಗರ್ ಅನ್ನಿ) ಹಚ್ಚಿ ಒಂದು ನಿಮಿಷ ಕಾದರೆ ಅನುಮಾನದ ಜಾಗ ಬೆಳ್ಳಗಾಗುತ್ತದೆ. ಥರ್ಮಲ್ ಅಬ್ಲೇಷನ್ ಎಂಬ, ಕೈಯಲ್ಲಿ ಹಿಡಿಯುವ ಬ್ಯಾಟರಿ ಉಪಕರಣದ ತುದಿ ಸುಮಾರು 100 ಡಿಗ್ರಿಗೆ ಕಾಯುತ್ತದೆ. ಕಲೆಯನ್ನು ಸುಡಲು ಅದನ್ನು ಒಂದು ನಿಮಿಷವೂ ಇಡಬೇಕಿಲ್ಲ. ಗ್ಯಾಸ್ ಸಿಲಿಂಡರ್ ಬೇಡ, ಆಪರೇಷನ್ ಕೋಣೆ ಬೇಡ. ಕಲೆ ಕ್ಯಾನ್ಸರ್ ಆಗಲು ವರ್ಷಗಟ್ಟಲೆ ಬೇಕು, ಅಷ್ಟರೊಳಗೆ ಹತ್ತು ನಿಮಿಷ ಸಿಗುವುದಿಲ್ಲವೇ?

ತಮಿಳುನಾಡಿನ ದಿಂಡಿಗಲ್‌ನಲ್ಲಿ ಇದು ನಡೆದಿದೆ. ತರಬೇತಿ ಪಡೆದ ನರ್ಸ್‌ಗಳೇ ನೋಡಿದರು, ಕಲೆಯನ್ನು ಕ್ರಯೋಥೆರಪಿಯಿಂದ ಹೆಪ್ಪುಗಟ್ಟಿಸಿ ಚಿಕಿತ್ಸೆಯನ್ನೂ ಕೊಟ್ಟರು. 2007ರಲ್ಲಿ ಬಂದ ಫಲಿತಾಂಶದಲ್ಲಿ ಈ ಕ್ಯಾನ್ಸರಿನ ಸಾವು 35 ಶೇಕಡಾ ಕಡಿಮೆಯಾಗಿತ್ತು. ನಮ್ಮಲ್ಲಿ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಈ ತಪಾಸಣೆ ಆದವರು ನೂರಕ್ಕೆ ಇಬ್ಬರೂ ಇರಲಿಲ್ಲ. ಡಾಕ್ಟರಿಗಾಗಿ ಇನ್ನೂ ಎಷ್ಟು ಕಾಯಬೇಕು?

ವಿರೋಧ: ಅದೇ ದಿಂಡಿಗಲ್ ಲೆಕ್ಕ ಪೂರ್ತಿ ಓದಿ

ಸಿಸ್ಟರ್ ಕೈ ಬಗ್ಗೆ ನನಗೆ ಅನುಮಾನವಿಲ್ಲ. ನಡುರಾತ್ರಿ ಹೆರಿಗೆ ಮಾಡಿಸುವವರು ಇದನ್ನೂ ಕಲಿಯುತ್ತಾರೆ. ಅನುಮಾನ ಇರುವುದು ಆ ಬಿಳಿ ಕಲೆಯ ಬಗ್ಗೆ.

ದಿಂಡಿಗಲ್‌ನಲ್ಲಿ ತಪಾಸಣೆಯಾದ 31,343 ಮಂದಿಯಲ್ಲಿ 3,088 ಮಂದಿಗೆ ಕಲೆ ಕಂಡಿತು. ಕಾಲ್ಪೊಸ್ಕೋಪಿ (ಆ ಜಾಗವನ್ನು ದೊಡ್ಡದು ಮಾಡಿ ನೋಡುವುದು), ಬಯಾಪ್ಸಿ (ಚೂರು ತೆಗೆದು ಪರೀಕ್ಷಿಸುವುದು) ಮಾಡಿದ ಮೇಲೆ ಕ್ಯಾನ್ಸರಿಗೆ ಮುಂಚಿನ ಗಾಯ ಇದ್ದದ್ದು 1,874 ಮಂದಿಗೆ. ಹಾಗಾದರೆ ಉಳಿದವರು? ಕಂಡ ಕೂಡಲೇ ಸುಡುತ್ತೇವೆ ಎಂದರೆ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮ್ನೆ ಸುಟ್ಟಂತೆ. ಸಣ್ಣ ಗಾಯಗಳು ಬಹಳಷ್ಟು ತಾವಾಗಿಯೇ ಮಾಯುತ್ತವೆ, ಅದನ್ನೂ ಮರೆಯಬಾರದು. ಇನ್ನೊಂದು ಕಡೆ, ಕಲೆ ಗರ್ಭಕೊರಳಿನ ಒಳಗಿನ ದಾರಿಗೆ ಇಳಿದಿದ್ದರೆ, ಅಥವಾ ಆಗಲೇ ಕ್ಯಾನ್ಸರ್ ಆಗಿದ್ದರೆ, ಮೇಲಿನಿಂದ ಸುಡಲೇಬಾರದು. ಮುಟ್ಟು ನಿಂತವರಲ್ಲಿ ಕಲೆ ಏಳುವ ಜಾಗ ಒಳಸರಿದು ಕಣ್ಣಿಗೇ ಸರಿಯಾಗಿ ಬೀಳುವುದಿಲ್ಲ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್‌ಪಿವಿ (ಈ ಕ್ಯಾನ್ಸರಿಗೆ ಕಾರಣವಾಗುವ ವೈರಸ್) ಡಿಎನ್‌ಎ ಪರೀಕ್ಷೆಗೆ ಮೊದಲ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ. ಆ ಪರೀಕ್ಷೆ ಮೊದಲು ಬರಲಿ, ಕಲೆಯ ಫೋಟೋ ಅವತ್ತೇ ಡಾಕ್ಟರಿಗೆ ಹೋಗಲಿ. ಆಮೇಲೆ ಉಪಕರಣ ಕೊಡಿ, ನಾನು ಬೇಡ ಅನ್ನುವುದಿಲ್ಲ.

ಊರಿನ ಬಾಯಿ ಒಂದಿದೆ. ‘ಕಲೆ’ ಎಂದು ಸಿಸ್ಟರ್ ಹೇಳಿದ್ದು ಓಣಿ ದಾಟುವಷ್ಟರಲ್ಲಿ ‘ಕ್ಯಾನ್ಸರ್’ ಆಗಿರುತ್ತದೆ. ಹೆದರಿದವಳು ಬಡ್ಡಿಗೆ ಸಾಲ ತಂದು ಗರ್ಭಚೀಲವನ್ನೇ ತೆಗೆಸಿಕೊಂಡು ಬರುತ್ತಾಳೆ. ಕಬ್ಬಿನ ಸೀಮೆಯಲ್ಲಿ ಇಂಥ ಬೇಡದ ಆಪರೇಷನ್ನುಗಳ ಕಥೆ ಯಾರಿಗೆ ಗೊತ್ತಿಲ್ಲ? ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಇಂಥ ಸುದ್ದಿ ದೇಶವೇ ಓದಿತು.

ಇನ್ನು ಆ ಹತ್ತು ನಿಮಿಷದ ಮಾತು. ಸುಟ್ಟ ಮೇಲೆ ಕೆಲವು ವಾರ ಯೋನಿಯಿಂದ ನೀರು ಹೋಗುತ್ತದೆ. ಒಂದು ತಿಂಗಳು ಗಂಡ ದೂರ ಇರಬೇಕು. ಮುಕಾದಮನ (ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ) ಹತ್ತಿರ ಮುಂಗಡ ತೆಗೆದುಕೊಂಡು ಜೋಡಿಯಾಗಿ ಹೋದವರು, ನೀರಿಲ್ಲದ ಜೋಪಡಿಯಲ್ಲಿ ಇದನ್ನೆಲ್ಲ ಹೇಗೆ ಪಾಲಿಸುತ್ತಾರೆ? ಅಲ್ಲಿ ಜ್ವರ ಬಂದರೆ, ರಕ್ತ ಕಂಡರೆ, ಅವಳು ಯಾರಿಗೆ ಫೋನ್ ಮಾಡಬೇಕು? ತಾಂಡಾದ ಸಿಸ್ಟರಿಗಾ?